ಕಿವಿ ಖಾಲಿ ಇದೆ, ಬ್ಯಾರಿಯಲ್ಲಿ ಮಾತಾಡುವವರು ಬೇಕು

ಅಂಗಡಿಯಲ್ಲಿ ಕೂತವನ ಕೈ ಖಾಲಿ ಇರುವುದಿಲ್ಲ, ಕಣ್ಣೂ ಖಾಲಿ ಇರುವುದಿಲ್ಲ. ತಕ್ಕಡಿ ನೋಡಬೇಕು, ಚಿಲ್ಲರೆ ಎಣಿಸಬೇಕು, ಸಾಲದ ಪುಸ್ತಕ ಬರೆಯಬೇಕು. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿದವನು ರಾತ್ರಿ ಹತ್ತಕ್ಕೆ ಇಳಿಸುವವರೆಗೆ ಒಂದು ಪುಟ ಓದುವುದಕ್ಕೂ ಪುರುಸೊತ್ತಿಲ್ಲ. ಬಿಡುವು ಇರುವುದು ಕಿವಿಗೆ ಮಾತ್ರ. ನಮ್ಮಲ್ಲಿ ಅಂಗಡಿಯವರಿದ್ದಾರೆ, ಲಾರಿ ಓಡಿಸುವವರಿದ್ದಾರೆ, ಗಲ್ಫಿನಲ್ಲಿ ಎಸಿ ರಿಪೇರಿ ಮಾಡುವವರಿದ್ದಾರೆ, ದಿನವಿಡೀ ಅಡುಗೆಮನೆಯಲ್ಲಿರುವ ಹೆಂಗಸರಿದ್ದಾರೆ. ಎಲ್ಲರ ಕಥೆಯೂ ಇದೇ. ಹಾಗಿರುವಾಗ ಕಿವಿಯೊಳಗೆ ಏನು ಹೋಗುತ್ತಿದೆ ಎಂದು ನಾವು ಯೋಚಿಸಿದ್ದು ಕಡಿಮೆ.

ಹೋಗುತ್ತಿರುವುದು ಏನೆಂದು ಎಲ್ಲರಿಗೂ ಗೊತ್ತು. ಪ್ರಭಾಷಣ, ಮದ್ಹ್ ಹಾಡು, ಊರಿನ ವಾಟ್ಸಾಪ್ ಗ್ರೂಪಿನ ವಾಯ್ಸ್ ಮೆಸೇಜು. ಮೊದಲಿನ ಎರಡರ ಬಗ್ಗೆ ನನ್ನ ತಕರಾರಿಲ್ಲ, ಅವು ಇರಲಿ. ಮೂರನೆಯದರ ಬಗ್ಗೆ ಇದೆ. ಬೆಳ್ಳುಳ್ಳಿ ಅರೆದು ಕುಡಿದರೆ ಹೃದಯದ ಬ್ಲಾಕ್ ಕರಗುತ್ತದೆ, ಫೋನನ್ನು ರಾತ್ರಿ ಚಾರ್ಜಿಗೆ ಇಟ್ಟರೆ ಸ್ಫೋಟ ಗ್ಯಾರಂಟಿ ಎಂದೆಲ್ಲ ಹೇಳುವ ಹೆಸರಿಲ್ಲದ ಗಂಟಲುಗಳು ನಮ್ಮ ಮನೆಗಳಲ್ಲಿ ವಿಜ್ಞಾನದ ಮೇಷ್ಟ್ರುಗಳಾಗಿ ಕೂತಿವೆ. ಅವರ ಮಾತು ನಂಬಿಕೆ ಹುಟ್ಟಿಸುವುದಕ್ಕೆ ಒಂದೇ ಕಾರಣ: ಅವರು ನಮ್ಮ ಬಾಸೆಯಲ್ಲಿ ಮಾತಾಡುತ್ತಾರೆ. ಸರಿಯಾದದ್ದನ್ನು ಬಲ್ಲವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಇಲ್ಲವಾದರೆ ಸುಮ್ಮನಿರುತ್ತಾರೆ.

ಕನ್ನಡದವರು ಇದಕ್ಕೆ ಒಂದು ದಾರಿ ಮಾಡಿಕೊಂಡರು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿ ಕೊಳ್ಳೇಗಾಲ ಶರ್ಮ ಅವರು 2017ರಲ್ಲಿ ಶುರು ಮಾಡಿದ 'ಜಾಣಸುದ್ದಿ'ಯನ್ನು ಕೇಳಿದವರು ಇಲ್ಲಿ ಇರಬಹುದು. ಪ್ರಪಂಚದ ವಿಜ್ಞಾನ ಪತ್ರಿಕೆಗಳಲ್ಲಿ ಬಂದ ಹೊಸ ಸಂಶೋಧನೆಗಳನ್ನು ಸರಳ ಕನ್ನಡದಲ್ಲಿ ಹೇಳುವ ಧ್ವನಿಪತ್ರಿಕೆ ಅದು. ನನಗೆ ಹಿಡಿಸಿದ್ದು ಅದು ಜನರಿಗೆ ತಲುಪಿದ ರೀತಿ. ಅದಕ್ಕಾಗಿ ಆಪ್ ಹಾಕಿಕೊಳ್ಳಿ, ಖಾತೆ ತೆರೆಯಿರಿ ಎಂದು ಹೇಳಲಿಲ್ಲ. ಬೆಳ್ಳುಳ್ಳಿ ವೈದ್ಯ ಬರುವ ಅದೇ ವಾಟ್ಸಾಪ್ ದಾರಿಯಲ್ಲಿ ಬಂತು. ಕಳ್ಳ ಬರುವ ಬಾಗಿಲಲ್ಲೇ ಪೊಲೀಸನೂ ಬಂದ ಹಾಗೆ. ಹರಟೆ ಇಷ್ಟಪಡುವವರಿಗೆ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಜೊತೆಯವರು ನಡೆಸಿದ 'ತಲೆ-ಹರಟೆ' ಇದೆ. ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡ, ಕೆಲವು ಕಂತು ಒಂದು ಗಂಟೆ ದಾಟುತ್ತದೆ, ಆದರೂ ವಿಷಯ ಬಲ್ಲವರನ್ನು ಕೂರಿಸಿ ಮಾತಾಡಿಸುತ್ತಾರೆ. ಓದುವುದಾದರೆ ಗ್ಯಾಜೆಟ್ ಬಗ್ಗೆ ಯು. ಬಿ. ಪವನಜ ಅವರು ಪ್ರಜಾವಾಣಿಯಲ್ಲಿ ಬರೆದ 'ಗ್ಯಾಜೆಟ್ ಲೋಕ' ಇತ್ತು. 1996ರಲ್ಲೇ ಕನ್ನಡದಲ್ಲಿ 'ವಿಶ್ವಕನ್ನಡ' ಎಂಬ ಜಾಲತಾಣ ಮಾಡಿದವರು ಅವರು.

ಬ್ಯಾರಿಯಲ್ಲಿ? ಸಾಹಿತ್ಯ ಅಕಾಡೆಮಿ 2009ರಿಂದ ಇದೆ. 'ಬ್ಯಾರಿ' ಸಿನಿಮಾಗೆ 2011ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಹಂಚಿಕೆಯಾಗಿ ಬಂತು. 2020ರಲ್ಲಿ ಲಿಪಿಯೂ ಬಂತು. ಮಂಗಳೂರಿನ ಸೈಂಟ್ ಅಲೋಶಿಯಸ್‌ನ ರೇಡಿಯೋ ಸಾರಂಗ್ ಬ್ಯಾರಿಯಲ್ಲೂ ಮಾತಾಡಿದೆ, ಆದರೆ ಸಮುದಾಯ ರೇಡಿಯೋದ ಅಲೆ ಊರು ದಾಟುವಂಥದ್ದಲ್ಲ. ಕತೆ ಇದೆ, ಕವನ ಇದೆ, ಸನ್ಮಾನ ಸಮಾರಂಭಗಳಂತೂ ಬೇಕಾದಷ್ಟಿವೆ. ಒಂದು ಬ್ಯಾಟರಿ ಹೇಗೆ ಕೆಲಸ ಮಾಡುತ್ತದೆ ಎಂದು ಬ್ಯಾರಿಯಲ್ಲಿ ಹತ್ತು ನಿಮಿಷ ಹೇಳಿದ್ದನ್ನು ನಾನು ಕೇಳಿಲ್ಲ.

ಇದು ನನಗೆ ಯಾಕೆ ಇಷ್ಟು ದೊಡ್ಡ ವಿಷಯ ಎಂದು ಹೇಳಬೇಕಾದರೆ ನಾನಿರುವ ಜಾಗ ಹೇಳಬೇಕು. ನಾನಿರುವುದು ಕರ್ನೂಲು ಜಿಲ್ಲೆಯ ನಂದವರಂ. ಚೌಡೇಶ್ವರಿ ಗುಡಿ ಇರುವ ನಂದವರಂ ಅಲ್ಲ, ಅದು ಬನಗಾನಪಲ್ಲಿ ಕಡೆಯದು. ಊರಿನಿಂದ ಕಳಿಸುವ ಪಾರ್ಸೆಲ್ಲುಗಳಿಗೂ ಈ ಗೊಂದಲ ಇದ್ದದ್ದೇ. ಇದು ಎಮ್ಮಿಗನೂರು, ಮಂತ್ರಾಲಯದ ಹತ್ತಿರದ್ದು. ತುಂಗಭದ್ರೆ ದಾಟಿದರೆ ರಾಯಚೂರು ಜಿಲ್ಲೆ. ಪಕ್ಕದ ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು, ಹಾಗಾಗಿ ಈ ಕಡೆ ಸಂತೆಯಲ್ಲಿ ಕನ್ನಡ ಕೇಳುವುದು ಅಪರೂಪವಲ್ಲ. ಆದರೆ ಶಾಲೆ ತೆಲುಗು ಮತ್ತು ಇಂಗ್ಲಿಷ್. ಗಿರಾಕಿ ತೆಲುಗು. ಮಸೀದಿಯಲ್ಲಿ ಉರ್ದು. ಬ್ಯಾರಿ ಇರುವುದು ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ, ಉಪ್ಪ ಉಮ್ಮನ ಬಾಯಲ್ಲಿ.

ಮಗಳು ತೆಲುಗು ಅಕ್ಷರ ಕಲಿತವಳು. ತೆಲುಗಿಗೂ ಕನ್ನಡಕ್ಕೂ ಅಕ್ಷರದ ಹೋಲಿಕೆ ಇರುವುದರಿಂದ, ಊರಿನ ಸಂಬಂಧಿಕರು ಕನ್ನಡ ಅಕ್ಷರದಲ್ಲಿ ಬ್ಯಾರಿ ಬರೆದು ಕಳಿಸಿದರೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಮೂರನೇ ಸಾಲಿಗೆ ಸಾಕಾಗುತ್ತದೆ. ಅದೇ ಮಾತನ್ನು ವಾಯ್ಸ್‌ನಲ್ಲಿ ಕಳಿಸಿದರೆ ಕೇಳಿ ನಗುತ್ತಾಳೆ, ಉತ್ತರವನ್ನೂ ವಾಯ್ಸ್‌ನಲ್ಲೇ ಕೊಡುತ್ತಾಳೆ. ಬ್ಯಾರಿಯನ್ನು ಯಾವ ಲಿಪಿಯಲ್ಲಿ ಬರೆಯಬೇಕು ಎಂದು ನಾವು ವೇದಿಕೆಗಳಲ್ಲಿ ಚರ್ಚೆ ಮಾಡುತ್ತಿದ್ದೇವೆ. ಮಾಡೋಣ. ಆದರೆ ಕಿವಿಗೆ ಲಿಪಿ ಬೇಡ. ತಲೆತಲಾಂತರದಿಂದ ಬಾಯಿಂದ ಕಿವಿಗೆ ದಾಟಿ ಉಳಿದ ಬಾಸೆ ಇದು. ಕರಾವಳಿ ಬಿಟ್ಟು ಹೊರಗಿರುವ ಮಕ್ಕಳಿಗೆ ಅದು ಬರೀ ಊಟಕ್ಕೆ ಕರೆಯುವ, ಬೈಯುವ ಬಾಸೆಯಾಗಿ ಉಳಿದರೆ, ಅವರ ಮಕ್ಕಳಿಗೆ ಅಷ್ಟೂ ಸಿಗುವುದಿಲ್ಲ. ರಾಕೆಟ್ಟು, ಮೊಬೈಲು, ಹಾಡು, ಎಲ್ಲದರ ಬಗ್ಗೆ ಮಾತಾಡುವುದಕ್ಕೆ ಬರುವ ಬಾಸೆ ಎಂದು ಅವರಿಗೆ ಅನಿಸಬೇಕು.

ಪದಗಳೇ ಇಲ್ಲವಲ್ಲ ಎನ್ನುವವರು ಇದ್ದಾರೆ. ವೋಲ್ಟ್, ಬ್ಯಾಟರಿ, ಚಾರ್ಜ್ ಎಂದೇ ಹೇಳಿದರಾಯಿತು, ಗ್ಯಾರೇಜಿನಲ್ಲಿ ನಾವು ಹೇಳುವುದು ಅದನ್ನೇ ತಾನೆ? ಬಂಟ್ವಾಳದ ಬ್ಯಾರಿಗೂ ಕುಂದಾಪುರದ ಬ್ಯಾರಿಗೂ ವ್ಯತ್ಯಾಸ ಇದೆ ಎನ್ನುವ ಮಾತೂ ಬರುತ್ತದೆ. ಇರಲಿ. ಮದುವೆ ಮನೆಯಲ್ಲಿ ಇಬ್ಬರೂ ಜಗಳ ಮಾಡುವಷ್ಟು ಅರ್ಥವಾಗುತ್ತದೆ.

ಈಗ ಗ್ಯಾಜೆಟ್ಟಿನ ವಿಷಯ. ಈ ಬಗೆಯ ಪಾಡ್‌ಕಾಸ್ಟುಗಳಲ್ಲಿ ಹೆಚ್ಚಿನವು ನನಗೆ ಇಷ್ಟವಿಲ್ಲ. ಯಾವ ಭಾಷೆಯದಾದರೂ ಸರಿ, ಹೊಸ ಫೋನ್ ಬಂತು, ಕ್ಯಾಮೆರಾ ಇಷ್ಟು, ಬಣ್ಣ ಇಷ್ಟು ಎಂದು ಡಬ್ಬದ ಮೇಲಿದ್ದದ್ದನ್ನು ಓದುತ್ತಾರೆ. ನಡುವೆ 'ಈ ಕಂತಿನ ಪ್ರಾಯೋಜಕರು' ಎಂದು ಇಯರ್‌ಬಡ್ಸ್ ಕಂಪೆನಿಯ ಹೆಸರು ಬರುತ್ತದೆ, ಮುಂದಿನ ಕಂತಿನಲ್ಲಿ ಅದೇ ಇಯರ್‌ಬಡ್ಸಿಗೆ ಹೊಗಳಿಕೆ. ವ್ಯಾಪಾರಿಯ ಮಗನಿಗೆ ಇದರ ವಾಸನೆ ಬೇಗ ಹತ್ತುತ್ತದೆ. ಯಾವ ಸರಕಿನ ಏಜೆಂಟ್ ಚಹಾ ಕುಡಿಸುತ್ತಾನೋ ಆ ಸರಕು ಮುಂದಿನ ಸಾಲಿನಲ್ಲಿ ಕೂರುತ್ತದೆ, ಅಷ್ಟೇ.

ನಮಗೆ ಬೇಕಾದದ್ದು ಬೇರೆ. ಒಂದು ಉದಾಹರಣೆ ಹೇಳುತ್ತೇನೆ. ನನ್ನ ಅಂಗಡಿಗೆ ಬರುವವರು ಪವರ್ ಬ್ಯಾಂಕ್ ಕೇಳುತ್ತಾರೆ. ಡಬ್ಬದ ಮೇಲೆ 10000 ಎಂಎಎಚ್ ಎಂದಿರುತ್ತದೆ, ಫೋನಿನ ಬ್ಯಾಟರಿ 5000. ಹಾಗಾದರೆ ಎರಡು ಸಲ ಪೂರ್ತಿ ಚಾರ್ಜ್ ಆಗಬೇಕು, ಆಗುವುದಿಲ್ಲ. 'ಭಾಯ್, ಡೂಪ್ಲಿಕೇಟ್ ಕೊಟ್ಟೆಯಾ?' ಎಂದು ಗಿರಾಕಿ ವಾಪಸ್ ಬರುತ್ತಾನೆ. ಡೂಪ್ಲಿಕೇಟ್ ಅಲ್ಲ, ಲೆಕ್ಕ. ಒಳಗಿನ ಸೆಲ್ 3.7 ವೋಲ್ಟಿನದು. 10000 ಎಂಎಎಚ್ ಎಂದರೆ 10 ಆಂಪಿಯರ್-ಅವರ್, 3.7ರಿಂದ ಗುಣಿಸಿದರೆ 37 ವಾಟ್-ಅವರ್. ಅದು ಟ್ಯಾಂಕಿಯಲ್ಲಿರುವ ನಿಜವಾದ ನೀರು. ಹೊರಗೆ ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್. 37ನ್ನು 5ರಿಂದ ಭಾಗಿಸಿದರೆ 7.4, ಅಂದರೆ 7400 ಎಂಎಎಚ್ ಮಾತ್ರ. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಫೋನಿನೊಳಗೆ ಮತ್ತೆ ಇಳಿಸುವಾಗ ಇನ್ನೊಂದಿಷ್ಟು. ಕೊನೆಗೆ ಫೋನು ತುಂಬುವುದು ಒಂದೂವರೆ ಸಲದ ಆಚೀಚೆ. ಹಲವು ಡಬ್ಬಗಳ ಹಿಂದೆ ಇರುವೆಯಷ್ಟು ಅಕ್ಷರದಲ್ಲಿ 'ರೇಟೆಡ್ ಕೆಪಾಸಿಟಿ' ಎಂದು ಚಿಕ್ಕ ಸಂಖ್ಯೆ ಇರುತ್ತದೆ, ನೋಡಬೇಕಾದದ್ದು ಅದನ್ನು. ಇದನ್ನು ಬ್ಯಾರಿಯಲ್ಲಿ ಹೇಳುವುದಕ್ಕೆ ಐದು ನಿಮಿಷ ಸಾಕು. ಯಾವ ಕಂಪೆನಿಯ ಹೆಸರೂ ಬೇಡ.

ಇಯರ್‌ಫೋನಿನ ಬಗ್ಗೆಯೂ ಇದೇ ರೀತಿ ಹೇಳಬಹುದು, ಹೇಳಲೇಬೇಕು. ದಿನವಿಡೀ ಕಿವಿಯಲ್ಲಿ ಸಿಕ್ಕಿಸಿಕೊಂಡಿರುವ ಹುಡುಗರು ಎಲ್ಲರ ಮನೆಯಲ್ಲೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾನದಂಡದ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10. ಬಸ್ಸಿನಲ್ಲಿ ಇಂಜಿನ್ ಸದ್ದಿನ ಮೇಲೆ ಹಾಡು ಕೇಳಬೇಕೆಂದು ಏರಿಸುವುದು ಇದನ್ನೆಲ್ಲ ದಾಟಿ ಹೋಗುತ್ತದೆ. ಕಿವಿಯೊಳಗಿನ ಸೂಕ್ಷ್ಮ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಾನು ಅಂಗಡಿಯಲ್ಲಿ ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ, ಇನ್ನೊಂದು ಗಿರಾಕಿಗೆ. ಮಾತಿನ ಕಾರ್ಯಕ್ರಮಕ್ಕೆ ಅಷ್ಟು ಸಾಕು, ಎರಡೂ ಕಡೆ ಹೆಚ್ಚಾಗಿ ಒಂದೇ ಧ್ವನಿ ಇರುತ್ತದೆ. ಹಾಡಿಗೆ ಸಾಲದು, ಅರ್ಧ ವಾದ್ಯ ಇನ್ನೊಂದು ಕಡೆ ಉಳಿದುಬಿಡುತ್ತದೆ.

ಹಾಡಿನ ವಿಷಯ ಬಂತು. ಸಂಗೀತ ಎಷ್ಟು ಸರಿ ಎಷ್ಟು ತಪ್ಪು ಎಂಬುದಕ್ಕೆ ಉಸ್ತಾದರಿದ್ದಾರೆ, ಅಲ್ಲಿಗೆ ನಾನು ಹೋಗುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ದಫ್ ಇದೆ, ಬೈತ್ ಇದೆ, ಮಾಪಿಳ್ಳೆ ಹಾಡು ಇದೆ, ಮದುವೆಯ ಒಪ್ಪನೆ ಪಾಟ್ ಇದೆ. ಇಂಗ್ಲಿಷಿನಲ್ಲಿ 'ಸಾಂಗ್ ಎಕ್ಸ್‌ಪ್ಲೋಡರ್' ಎಂಬ ಪಾಡ್‌ಕಾಸ್ಟ್ ಇದೆ, ಹೃಷಿಕೇಶ್ ಹಿರ್ವೆ ಎಂಬವರು 2014ರಲ್ಲಿ ಶುರು ಮಾಡಿದ್ದು. ಹಾಡು ಕಟ್ಟಿದವರನ್ನೇ ಕೂರಿಸಿ, ಹಾಡನ್ನು ಇಂಜಿನ್ ಬಿಚ್ಚಿದ ಹಾಗೆ ಬಿಚ್ಚಿಸುತ್ತಾರೆ. ಇದು ಡ್ರಮ್, ಇದು ಗಿಟಾರ್, ಈ ಸಾಲು ಹೀಗೆ ಹುಟ್ಟಿತು ಎಂದು. ಡಿಪ್ಲೊಮಾದಲ್ಲಿ ಇಂಜಿನ್ ಬಿಚ್ಚಿದವನಿಗೆ ಅದು ರುಚಿಸದೆ ಇರುತ್ತದೆಯೇ?

ದಫ್ಫನ್ನು ಹಾಗೆ ಬಿಚ್ಚಿ ನೋಡಿ. ಮರದ ಬಳೆಗೆ ಆಡಿನ ಚರ್ಮ ಎಳೆದು ಕಟ್ಟಿದ್ದು. ಊರಿನಲ್ಲಿ ಮಳೆಗಾಲದ ಕಾರ್ಯಕ್ರಮ ಇದ್ದರೆ ಬಾರಿಸುವ ಮೊದಲು ಬೆಂಕಿಗೆ ಹಿಡಿಯುವುದನ್ನು ನೀವು ನೋಡಿದ್ದೀರಿ. ಯಾಕೆ? ಚರ್ಮ ಗಾಳಿಯ ತೇವ ಹೀರಿ ಸಡಿಲವಾಗುತ್ತದೆ, ಎಳೆತ ಕಡಿಮೆಯಾದರೆ ಸ್ವರ ಇಳಿಯುತ್ತದೆ. ಎಳೆತದ ವರ್ಗಮೂಲಕ್ಕೆ ತಕ್ಕಂತೆ ಸ್ವರ ಏರುತ್ತದೆ, ಅಂದರೆ ಸ್ವರ ಎರಡರಷ್ಟು ಆಗಬೇಕಾದರೆ ಎಳೆತ ನಾಲ್ಕರಷ್ಟು ಆಗಬೇಕು. ಬೆಂಕಿಯ ಬಿಸಿ ತೇವ ತೆಗೆದು ಚರ್ಮವನ್ನು ಬಿಗಿ ಮಾಡುತ್ತದೆ. ಇಲ್ಲಿ ನಂದವರಂನಲ್ಲಿ ಮೇ ತಿಂಗಳಲ್ಲಿ ದಫ್ಫಿಗೆ ಬೆಂಕಿ ಬೇಕಾಗುವುದಿಲ್ಲ, ಗೋಡೆಗೆ ನೇತು ಹಾಕಿದಲ್ಲೇ ಟಣ್ ಎನ್ನುತ್ತದೆ. ಪಾಲಿಟೆಕ್ನಿಕ್ಕಿನಲ್ಲಿ ಕಂಪನದ ಪಾಠ ಹೇಳಿದವರು ಒಮ್ಮೆ ದಫ್ ಎಂಬ ಹೆಸರು ಎತ್ತಿದ್ದರೆ ನಾಲ್ಕು ಪುಟ ಸೂತ್ರ ಒಂದೇ ಏಟಿಗೆ ತಲೆಗೆ ಇಳಿಯುತ್ತಿತ್ತು. ಆ ಪಾಠವನ್ನು ದಫ್ ಬಾರಿಸುವವರ ಬಾಯಿಂದ, ಅವರ ಕೈಯ ಸದ್ದಿನ ಜೊತೆ, ಬ್ಯಾರಿಯಲ್ಲಿ ಕೇಳಿದರೆ ಹೇಗಿರುತ್ತದೆ? ಅದೇ ವಿಜ್ಞಾನ, ಅದೇ ಸಂಗೀತ. ಒಪ್ಪನೆ ಪಾಟ್ ಬಲ್ಲ ಅಜ್ಜಿಯಂದಿರಿಗಂತೂ ಕಾಯುವ ಸಮಯ ಇಲ್ಲ. ಅವರ ಹಾಡು ರೆಕಾರ್ಡ್ ಮಾಡಿದರೆ ಸಾಲದು, ಯಾವ ಸಾಲು ಯಾವಾಗ ಹಾಡುತ್ತಿದ್ದರು, ಯಾರು ಕಲಿಸಿದರು ಎಂದು ಕೇಳಿ ಅದನ್ನೂ ಹಿಡಿದಿಡಬೇಕು.

ಯಾರು ಮಾಡಬೇಕು? ಸಂಸ್ಥೆ ಬೇಕು, ಸ್ಟುಡಿಯೋ ಬೇಕು, ಉದ್ಘಾಟನೆಗೆ ಮಂತ್ರಿ ಬೇಕು ಎಂದರೆ ಇದು ನಡೆಯುವುದಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್, ನಮ್ಮ ಅಂಗಡಿಯ ಸೀಲಿಂಗ್ ಫ್ಯಾನ್ ತಿನ್ನುವುದು ಅದರ ಎರಡರಷ್ಟಕ್ಕೂ ಹೆಚ್ಚು.

ಜುಬೈಲಿನ ಪ್ಲಾಂಟಿನಲ್ಲಿ ಪಂಪಿನ ಕಂಪನ ಅಳೆಯುವ ನಮ್ಮ ಹುಡುಗರಿದ್ದಾರೆ, ಮಂಗಳೂರಿನ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರ ನಡೆಸುವ ಹೆಣ್ಮಕ್ಕಳಿದ್ದಾರೆ, ಫೋನ್ ರಿಪೇರಿಯವರಂತೂ ಪ್ರತಿ ಪೇಟೆಯಲ್ಲಿದ್ದಾರೆ. ಇವರಲ್ಲಿ ಒಬ್ಬೊಬ್ಬರು ತಮಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯ ಹೇಳಿದರೆ ವರ್ಷಕ್ಕೆ ಆಗುವಷ್ಟಾಯಿತು. ಹೇಳಿದವರ ಹೆಸರು, ಕೆಲಸ ಮೊದಲಿಗೇ ಇರಬೇಕು, ಬೆಳ್ಳುಳ್ಳಿ ವೈದ್ಯನಿಂದ ಬೇರೆ ಎಂದು ಗೊತ್ತಾಗುವುದು ಅದರಿಂದಲೇ. ಪ್ರಾಯೋಜಕರು ಬೇಡ, ಕನಿಷ್ಠ ಮೊದಲ ವರ್ಷ.

ಮಾಡುವ ಕ್ರಮವೂ ಕಷ್ಟದ್ದಲ್ಲ. ಫೋನಿನಲ್ಲಿರುವ ರೆಕಾರ್ಡರ್ ಸಾಕು. ಫ್ಯಾನ್ ನಿಲ್ಲಿಸಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂತು ಮಾತಾಡಿ. ಬಟ್ಟೆ ಸದ್ದು ಹೀರುವುದರಿಂದ ಕೋಣೆಯ ಪ್ರತಿಧ್ವನಿ ತಗ್ಗುತ್ತದೆ. ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ನೇರ ಹಿಡಿದರೆ 'ಪ', 'ಬ' ಎಂದಾಗಲೆಲ್ಲ ಉಸಿರು ಬಡಿಯುತ್ತದೆ. ಮಾತಿಗೆ 64 ಕೆಬಿಪಿಎಸ್ ಸಾಕಾಗುತ್ತದೆ, ಆ ಲೆಕ್ಕದಲ್ಲಿ ಹತ್ತು ನಿಮಿಷ ಎಂದರೆ 4.8 ಎಂಬಿ, ಗ್ರೂಪಿಗೆ ಬರುವ ಒಂದು ಮದುವೆ ವಿಡಿಯೋಗಿಂತ ಎಷ್ಟೋ ಕಡಿಮೆ. ಪವರ್ ಬ್ಯಾಂಕಿನದನ್ನು ನಾನು ಮಾಡುತ್ತೇನೆ, ಶುಕ್ರವಾರ ಜುಮಾ ಮುಗಿದು ಅಂಗಡಿ ತೆರೆಯುವ ಮೊದಲಿನ ಅರ್ಧ ಗಂಟೆಯಲ್ಲಿ. ದಫ್ಫಿನದಕ್ಕೆ ಬಾರಿಸಲು ಬರುವವರು ಬೇಕು.