ಇಂಧನಕೋಶದ ಉಸಿರಿನಲ್ಲಿ ಹೋಗುವ ನೀರು

ಜಲಜನಕವೆಂಬುದು ಅನ್ವರ್ಥನಾಮ. ನೀರನ್ನು ಹುಟ್ಟಿಸುವುದೆಂಬ ಗ್ರೀಕ್ ಮೂಲದ ಅರ್ಥವೇ ಕನ್ನಡದ ಹೆಸರಿನಲ್ಲಿಯೂ ಉಳಿದುಬಂದಿದೆ. ಈ ಹೆಸರು ಇಂಧನಕೋಶದಲ್ಲಿ ಪೂರ್ಣವಾಗಿ ಸಾರ್ಥಕವಾಗುತ್ತದೆ. ಅಲ್ಲಿ ಜಲಜನಕವು ಜ್ವಾಲೆಯಿಲ್ಲದೆ ಆಮ್ಲಜನಕದೊಡನೆ ಕೂಡಿ, ವಿದ್ಯುತ್ತನ್ನೂ ಶಾಖವನ್ನೂ ಕೊಟ್ಟು ನೀರಾಗಿ ಪರಿಣಮಿಸುತ್ತದೆ. ಒಂದು ಕಿಲೋಗ್ರಾಂ ಜಲಜನಕದಿಂದ ಒಂಬತ್ತು ಕಿಲೋಗ್ರಾಂ ನೀರು! ವಿದ್ಯುತ್ತಿನ ಲೆಕ್ಕವನ್ನು ಕಾಸಿಗೆ ಕಾಸು ಇಡುವವರು ಈ ನೀರನ್ನು ಮಾತ್ರ ಲೆಕ್ಕಕ್ಕೆ ಹಿಡಿಯದೆ, ಹೊರಬೀಳುವ ಅನಿಲದೊಡನೆ ಬಯಲಿಗೆ ಬಿಡುವುದು ಯುಕ್ತವೇ?

ಅಂತರಿಕ್ಷದಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಅಪೊಲೊ ನೌಕೆಯ ಕೋಶಗಳಲ್ಲಿ ಹುಟ್ಟಿದ ಹಬೆಯನ್ನು ಅಲ್ಲಿ ಸುತ್ತುತ್ತಿದ್ದ ಹೆಚ್ಚಿನ ಜಲಜನಕವೇ ಹೊತ್ತು ತರುತ್ತಿತ್ತು. ಅದನ್ನು ತಂಪುಗೊಳಿಸಿದರಷ್ಟೇ ಸಾಲದು. ಭಾರವೇ ತೋರದ ಆ ಎಡೆಯಲ್ಲಿ ಹನಿಯು ತಾನಾಗಿ ಕೆಳಗಿಳಿಯದ ಕಾರಣ, ಮಿಶ್ರಣವನ್ನು ವೇಗವಾಗಿ ತಿರುಗಿಸಿ ನೀರನ್ನು ಬೇರ್ಪಡಿಸಬೇಕಾಗಿತ್ತು. ಯಾತ್ರಿಕರು ಕುಡಿದದ್ದು ಆ ನೀರನ್ನೇ. ಅದರಲ್ಲಿ ಜಲಜನಕದ ಗುಳ್ಳೆಗಳು ಉಳಿದು ಹೊಟ್ಟೆಯುಬ್ಬರ ತಂದದ್ದೂ ಉಂಟು. 1970ರ ಏಪ್ರಿಲ್‌ನಲ್ಲಿ ಅಪೊಲೊ 13ರ ಆಮ್ಲಜನಕದ ತೊಟ್ಟಿ ಸಿಡಿದಾಗ ಬೆಳಕಿನೊಡನೆ ನೀರಿನ ಊಟೆಯೂ ಬತ್ತಿತು. ಮೂವರು ಯಾತ್ರಿಕರು ನೀರನ್ನು ಗುಟುಕು ಗುಟುಕಾಗಿ ಅಳೆದು ಕುಡಿದು ಮರಳಿದರು.

ಭೂಮಿಯ ಮೇಲಿನ ಕೋಶವಾದರೋ ಸಾಮಾನ್ಯವಾಗಿ ಗಾಳಿಯನ್ನು ಸೇವಿಸುತ್ತದೆ. ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದು ಬರುವಾಗ ಏನನ್ನೂ ತಾರದೆ, ಹೋಗುವಾಗ ಮಾತ್ರ ನೀರಾವಿಯನ್ನು ಕೊಂಡೊಯ್ಯುವ ಅತಿಥಿ. 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯು ಸುಮಾರು 130 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ. 30 ಡಿಗ್ರಿಯಲ್ಲಿ 30 ಗ್ರಾಂ ಮಾತ್ರ. ತಂಪಾದಂತೆ ಉಳಿದದ್ದು ಹನಿಯಾಗಿ ಇಳಿಯುತ್ತದೆ. ಆದರೆ ಬಿಸಿಲನಾಡಿನ ಬೇಸಗೆಯಲ್ಲಿ ಹೊರಗಾಳಿಯೇ 40 ಡಿಗ್ರಿಯನ್ನು ಮೀರಿದಾಗ ತಂಪನ್ನು ತರುವುದೆಲ್ಲಿಂದ? ಶೈತ್ಯಯಂತ್ರವನ್ನು ಹೂಡಿದರೆ ಪಡೆದ ವಿದ್ಯುತ್ತಿನಲ್ಲಿ ಒಂದು ಪಾಲನ್ನು ಅದೇ ನುಂಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಗಾಳಿಯನ್ನು ಊದದಿರುವುದೇ ಮೊದಲ ಉಪಾಯ. ಹೊರಹೋಗುವ ಅನಿಲದ ತೇವವನ್ನು ತೆಳುಪೊರೆಯೊಂದರ ಮೂಲಕ ಒಳಬರುವ ಒಣಗಾಳಿಗೆ ದಾಟಿಸುವುದು ಎರಡನೆಯದು.

ಸಹಜಾನಿಲದಿಂದ ಜಲಜನಕವನ್ನು ಪಡೆಯುವ ಸ್ಥಾವರಗಳಿಗೆ ಈ ನೀರು ಇನ್ನೂ ಅವಶ್ಯ. ಮೀಥೇನಿನ ಒಂದು ಅಣುವಿಗೆ ನೀರಿನ ಎರಡು ಅಣುಗಳನ್ನು ಕೂಡಿಸಿದರೆ ಜಲಜನಕದ ನಾಲ್ಕು ಅಣುಗಳು. ಅವುಗಳಿಂದ ನೀರಿನ ನಾಲ್ಕು ಅಣುಗಳು. ಶಾಸ್ತ್ರದ ಲೆಕ್ಕದಂತೆ ಅರ್ಧವನ್ನು ಹಿಡಿದರೂ ಸ್ಥಾವರವು ಹೊರಗಿನ ನೀರಿಗೆ ಕೈಯೊಡ್ಡಬೇಕಿಲ್ಲ. ವ್ಯವಹಾರದಲ್ಲಿ ಹಬೆಯನ್ನು ಇನ್ನೂ ಹೆಚ್ಚಾಗಿ ಬೆರೆಸುವುದರಿಂದ ಹಿಡಿಯಬೇಕಾದದ್ದೂ ಹೆಚ್ಚು.

ಇಷ್ಟಾದರೂ ಇಂಧನಕೋಶವನ್ನು ನೀರಿನ ಬುಗ್ಗೆಯೆಂದು ಕೊಂಡಾಡುವವರ ಮಾತು ಒಪ್ಪತಕ್ಕದ್ದಲ್ಲ. ನೀರನ್ನು ವಿದ್ಯುತ್ತಿನಿಂದ ಒಡೆದು ಪಡೆದ ಜಲಜನಕವಾದರೆ ಆ ಒಂಬತ್ತು ಪಾಲು ನೀರು ಮೊದಲೇ ವ್ಯಯವಾಗಿರುತ್ತದೆ. 2023ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಯ ಗುರಿ 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ನು. ಅದಕ್ಕೆ ಕನಿಷ್ಠ ನಾಲ್ಕೂವರೆ ಕೋಟಿ ಟನ್ನು ನೀರು ಬೇಕು. ಬಿಸಿಲು ಹೇರಳವಾಗಿ ನೀರು ವಿರಳವಾದ ಸೀಮೆಯಲ್ಲಿ ತಯಾರಿಸಿ ದೂರದ ಪಟ್ಟಣದಲ್ಲಿ ಬಳಸಿದರೆ, ಒಂದೂರಿನ ಬಾವಿಯ ನೀರು ಮತ್ತೊಂದೂರಿನ ಆಕಾಶವನ್ನು ಸೇರಿದಂತಾಯಿತು. ಅರ್ಧದಷ್ಟು ದಕ್ಷತೆಯ ಕೋಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಅರ್ಧ ಲೀಟರ್ ನೀರು ಹುಟ್ಟುತ್ತದೆ. ಅದರಲ್ಲಿ ಎಷ್ಟು ಹಿಂದಕ್ಕೆ ಬರುವುದು, ಅದೂ ಎಷ್ಟು ಬಿಸಿಲಿನ ದಿನದಲ್ಲಿ ಎಂಬುದನ್ನು ಸ್ಥಾವರವನ್ನು ಕೊಳ್ಳುವವರು ಒಪ್ಪಂದಪತ್ರದಲ್ಲಿಯೇ ಬರೆಸಿಕೊಳ್ಳಬೇಕು.