ಸ್ಟೆಪ್ನಿ ತೆಗೆದ ಮೇಲೆ ಸೆನ್ಸರಿನ ಕೀಲಿ ಯಾರ ಕೈಯಲ್ಲಿ?

ವರದಿಯೊಂದಕ್ಕೆಂದು ಬಾಡಿಗೆ ಕಾರಿನಲ್ಲಿ ಹೊರಟಿದ್ದೆವು. ಹಿರಿಯೂರು ದಾಟುವಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತು. ಹಿಂದಿನ ಎಡಗಡೆ ಟೈರಿನಲ್ಲಿ ಗಾಳಿ ಕಡಿಮೆ. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಇಲ್ಲ, ಅದರ ಜಾಗದಲ್ಲಿ ಒಂದು ಬಾಟಲಿ ದ್ರಾವಣ ಮತ್ತು ಪುಟ್ಟ ಪಂಪು. ಮೆಲ್ಲಗೆ ಪಂಕ್ಚರ್ ಅಂಗಡಿ ತಲುಪಿದೆವು. ಟೈರಿನ ಪಕ್ಕ ಸೀಳಿತ್ತು, ಬದಲಿಸಲೇಬೇಕಾಯಿತು. ಬಿಚ್ಚುವಾಗ ಒಳಗಿನ ಸೆನ್ಸರಿಗೆ ಕಬ್ಬಿಣದ ಪಟ್ಟಿ ತಗುಲಿ ಅದು ಮುರಿಯಿತು.

ಅಂಗಡಿಯ ಅಣ್ಣ ಹಣೆ ಒರೆಸಿಕೊಳ್ಳುತ್ತಾ ಹೇಳಿದ: "ಸೆನ್ಸರ್ ತರಿಸಿ ಹಾಕಿಬಿಡಬೋದು ಸಾರ್, ಕೆಲಸ ದೊಡ್ಡದಲ್ಲ. ಆದ್ರೆ ಗಾಡಿ ಅದನ್ನ ಗುರುತು ಹಿಡೀಬೇಕಲ್ಲ. ಅದಕ್ಕೆ ಕಂಪ್ಯೂಟರ್ ಬೇಕು, ಅದು ಶೋರೂಮಿನೋರ ಹತ್ರಾನೇ ಇರೋದು." ಹಳದಿ ದೀಪ ಹೊತ್ತಿಸಿಕೊಂಡೇ ಉಳಿದ ದಾರಿ ಮುಗಿಸಿದೆವು.

ಈ ಕತೆಯನ್ನು ಡಿಪ್ಲೊಮಾ ಕಾಲದ ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಅಮೆರಿಕದ ಮಿಷಿಗನ್‌ನಲ್ಲಿರುವ ತನ್ನ ಅಣ್ಣನನ್ನು ವಿಡಿಯೊ ಕರೆಗೆ ಸೇರಿಸಿದ. ಆ ಅಣ್ಣನ ಬಳಿ 1999ರ ಷೆವರ್ಲೆ ಕಾರ್ವೆಟ್ ಇದೆ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಇಪ್ಪತ್ತೈದು ವರ್ಷ ದಾಟಿದ ಗಾಡಿ. ಅದರ ನಾಲ್ಕೂ ಚಕ್ರಗಳ ಸೆನ್ಸರ್ ಬದಲಿಸಿ, ಕಾರಿಗೆ ಅವುಗಳ ಗುರುತು ಕಲಿಸುವ ಕೆಲಸವನ್ನು ಅವರು ಮನೆಯಂಗಳದಲ್ಲೇ ಮುಗಿಸಿದ್ದರು. ಬಳಸಿದ ಸಲಕರಣೆ ಒಂದು ಅಯಸ್ಕಾಂತ!

ನಮಗೆ ಸ್ಪೋರ್ಟ್ಸ್ ಕಾರಿನ ಗೀಳಿಲ್ಲ, ಕೊಳ್ಳುವ ಶಕ್ತಿಯಂತೂ ಇಲ್ಲವೇ ಇಲ್ಲ. ಆದರೂ ಆ ಹಳೇ ಕಾರಿನ ಪಾಠ ನಮ್ಮ ಹೆದ್ದಾರಿಯ ಪಂಕ್ಚರ್ ಅಂಗಡಿಗೆ ನೇರವಾಗಿ ಸಂಬಂಧಿಸಿದ್ದು ಎಂದು ನಮಗನಿಸಿತು.

ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಪ್ರತಿ ಚಕ್ರದೊಳಗೆ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಗಾಳಿಯ ಒತ್ತಡವನ್ನು ಅಳೆದು ರೇಡಿಯೊ ಮೂಲಕ ಕಾರಿಗೆ ತಿಳಿಸುತ್ತದೆ. ಒಂದೊಂದು ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾವ ಚಕ್ರದಲ್ಲಿದೆ ಎಂಬುದು ಕಾರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಪಕ್ಕದ ಗಾಡಿಯ ಸೆನ್ಸರನ್ನೂ ತನ್ನದೇ ಅಂದುಕೊಂಡೀತು. ಸೆನ್ಸರಿನ ಬ್ಯಾಟರಿಯನ್ನು ಒಳಗೇ ಮುಚ್ಚಿ ಅಂಟಿಸಿರುತ್ತಾರೆ, ಬದಲಿಸಲು ಬರುವುದಿಲ್ಲ. ಹೆಚ್ಚೆಂದರೆ ಹತ್ತು ವರ್ಷದ ಆಯುಷ್ಯ ಎನ್ನುವುದು ವಾಡಿಕೆ. ಹಾಗಾಗಿ ಇಂಥ ಕಾರು ಹಳತಾದಂತೆ ಸೆನ್ಸರ್ ಬದಲಿಸುವ ದಿನ ಬಂದೇ ಬರುತ್ತದೆ.

ಆ ಕಾರ್ವೆಟ್‌ನಲ್ಲಿ ಕಲಿಸುವ ಕ್ರಮ ಇಷ್ಟೇ. ಎಂಜಿನ್ ಚಾಲೂ ಮಾಡದೆ ಕೀಲಿ ತಿರುಗಿಸಬೇಕು. ಡ್ಯಾಶ್‌ಬೋರ್ಡಿನ ಆಪ್ಷನ್ಸ್ ಮತ್ತು ರೀಸೆಟ್ ಬಟನ್‌ಗಳನ್ನು ಕ್ರಮವಾಗಿ ಒತ್ತಿದರೆ ಪರದೆಯ ಮೇಲೆ 'ಟೈರ್ ಟ್ರೈನಿಂಗ್' ಎಂದು ಮೂಡುತ್ತದೆ. ನಂತರ ಮುಂದಿನ ಎಡ ಚಕ್ರದ ವಾಲ್ವಿನ ಮೇಲೆ ಅಯಸ್ಕಾಂತ ಹಿಡಿಯಬೇಕು. ಸೆನ್ಸರ್ ಎಚ್ಚೆತ್ತು ತನ್ನ ಸಂಖ್ಯೆ ಕಳುಹಿಸುತ್ತದೆ, ಕಾರು ಒಮ್ಮೆ ಹಾರ್ನ್ ಹೊಡೆದು ಒಪ್ಪಿಕೊಳ್ಳುತ್ತದೆ. ಹೀಗೇ ಮುಂದಿನ ಬಲ, ಹಿಂದಿನ ಬಲ, ಕೊನೆಗೆ ಹಿಂದಿನ ಎಡ. ಕಾರಿನ ಮಾದರಿಗೆ ಹೊಂದುವ ಸರಿಯಾದ ಸೆನ್ಸರನ್ನೇ ತಂದಿರಬೇಕು, ಅದು ಬಿಟ್ಟರೆ ಬೇರೆ ಕಟ್ಟಳೆ ಇಲ್ಲ.

ಆ ಕಾರಿಗೆ ಈ ವ್ಯವಸ್ಥೆ ಬಂದ ಕಾರಣವೂ ಗಮನಿಸುವಂಥದ್ದು. 1997ರಲ್ಲಿ ಬಂದ ಆ ತಲೆಮಾರಿನ ಕಾರ್ವೆಟ್‌ಗೆ ಸ್ಟೆಪ್ನಿ ಇರಲಿಲ್ಲ. ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಗಟ್ಟಿ ಪಕ್ಕದ ಟೈರುಗಳನ್ನು ಹಾಕಿದ್ದರು. ಅಂಥ ಟೈರಿನಲ್ಲಿ ಗಾಳಿ ಹೋದದ್ದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಸೆನ್ಸರ್ ಅನಿವಾರ್ಯವಾಯಿತು. ಸ್ಟೆಪ್ನಿ ಕಿತ್ತುಕೊಂಡರು ನಿಜ, ಅದರ ಬದಲು ಕೊಟ್ಟ ಎಚ್ಚರಿಕೆಯ ಕೀಲಿಯನ್ನು ಮಾಲೀಕನ ಕೈಗೇ ಇಟ್ಟರು.

ಆಮೇಲೆ ಅಮೆರಿಕದಲ್ಲಿ ಇದು ಕಾನೂನಾಯಿತು. 2000ನೇ ಇಸವಿಯಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಯಬೇಕಾಯಿತು. ಟೈರಿನ ಪದರ ಕಿತ್ತು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಮಗುಚಿ ಜನ ಸತ್ತಿದ್ದರು. ಅದೇ ವರ್ಷ ಅಲ್ಲಿನ ಸಂಸತ್ತು ಟ್ರೆಡ್ ಕಾಯ್ದೆ ತಂದಿತು. 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ತಯಾರಾಗುವ ಹೊಸ ಕಾರುಗಳಿಗೆಲ್ಲ ಗಾಳಿ ಎಚ್ಚರಿಕೆ ಕಡ್ಡಾಯವಾಯಿತು. ಆದರೆ ಕಲಿಸುವ ವಿಧಾನ ಎಲ್ಲರಿಗೂ ಒಂದೇ ಇರಬೇಕು ಎಂದು ಯಾರೂ ಕಡ್ಡಾಯ ಮಾಡಲಿಲ್ಲ. ಕೆಲವು ಕಾರು ಸ್ವಲ್ಪ ದೂರ ಓಡಿಸಿದರೆ ತಾನೇ ಕಲಿಯುತ್ತದೆ. ಕೆಲವಕ್ಕೆ ಸೆನ್ಸರನ್ನು ಎಚ್ಚರಿಸುವ ವಿಶೇಷ ಯಂತ್ರ ಬೇಕು. ಇನ್ನು ಕೆಲವಕ್ಕೆ ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಜೋಡಿಸಿ ಸಂಖ್ಯೆಯನ್ನು ಬರೆಯಲೇಬೇಕು.

ಈಗ ನಮ್ಮಲ್ಲಿಗೆ ಬರೋಣ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರು, ಗಾಳಿ ಎಚ್ಚರಿಕೆ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಆ ವರ್ಷದ ಅಕ್ಟೋಬರ್ 1ರಿಂದ ಸ್ಟೆಪ್ನಿ ಕಡ್ಡಾಯವಲ್ಲ. ಅಂದರೆ ಕಾರ್ವೆಟ್‌ನಲ್ಲಿ ಆದ ಅದಲುಬದಲು ನಮ್ಮ ಬಾಡಿಗೆ ಕಾರುಗಳಿಗೂ ಬಂದಿದೆ, ಅದರ ಅಯಸ್ಕಾಂತ ಮಾತ್ರ ಬಂದಿಲ್ಲ. ಕಿಟ್ಟಿನ ದ್ರಾವಣ ಸುರಿದರೆ ಕೆಲವೊಮ್ಮೆ ಸೆನ್ಸರಿನ ರಂಧ್ರವೇ ಕಟ್ಟಿಕೊಳ್ಳುತ್ತದೆ. ಒಂದು ರಕ್ಷಣೆಯನ್ನು ಬಳಸಿದರೆ ಇನ್ನೊಂದು ಕೆಡಬಹುದು!

ಸುರಕ್ಷತೆಯ ಭಾಗವನ್ನು ಯಾರು ಬೇಕಾದರೂ ಮುಟ್ಟುವಂತಿರಬಾರದು ಎಂದು ವಾದಿಸುವವರಿದ್ದಾರೆ. ಅದರಲ್ಲಿ ಅರ್ಥವಿಲ್ಲ ಎಂದು ನಾವು ಹೇಳುವುದಿಲ್ಲ. ಈ ಸೆನ್ಸರುಗಳ ಸಂಕೇತವನ್ನು ದೂರದಿಂದ ಕದ್ದು ಕೇಳಬಹುದು, ಸುಳ್ಳು ಎಚ್ಚರಿಕೆಯನ್ನೂ ಕಳಿಸಬಹುದು ಎಂದು ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು 2010ರಲ್ಲೇ ತೋರಿಸಿದ್ದಾರೆ. ಆದರೆ ಅಲ್ಲಿನ ದೋಷ ಸಂಕೇತಕ್ಕೆ ಗುಪ್ತಲಿಪಿ ಇಲ್ಲದಿರುವುದು. ಕಾರ್ವೆಟ್‌ಗೆ ಸೆನ್ಸರ್ ಕಲಿಸಲು ಕೀಲಿ ಬೇಕು, ಒಳಗೆ ಕೂತು ಬಟನ್ ಒತ್ತಬೇಕು, ಚಕ್ರದ ಪಕ್ಕ ನಿಲ್ಲಬೇಕು. ಅಷ್ಟು ಮಾಡಬಲ್ಲವನು ಮಾಲೀಕ, ಇಲ್ಲವೇ ಮಾಲೀಕ ನಂಬಿದ ಮೆಕ್ಯಾನಿಕ್. ಶೋರೂಮಿಗೆ ಬೀಗ ಹಾಕಿಕೊಟ್ಟರೆ ಕಳ್ಳ ದೂರವಾಗುವುದಿಲ್ಲ, ನಮ್ಮ ಪಂಕ್ಚರ್ ಅಂಗಡಿ ದೂರವಾಗುತ್ತದೆ.

ಇದು ಹೊಸ ಜಗಳವೂ ಅಲ್ಲ. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ವಾಹನವೂ ಅದರ ವ್ಯಾಪ್ತಿಯಲ್ಲಿದೆ. ಪೋರ್ಟಲ್ ಒಳ್ಳೆಯದೇ, ಆದರೆ ಅದು ಕಾನೂನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಇದೇ ಹಕ್ಕಿಗೆ ಮತ ಹಾಕಿ ಕಾನೂನು ಮಾಡಿಸಿಕೊಂಡರು. 2020ರಲ್ಲಿ ಮತ್ತೊಮ್ಮೆ ಮತ ಹಾಕಿ, ಕಾರು ನಿಸ್ತಂತುವಾಗಿ ಕಳಿಸುವ ಮಾಹಿತಿಗೂ ಅದನ್ನು ವಿಸ್ತರಿಸಿಕೊಂಡರು.

ನಾವು ಕೇಳುವುದು ಮೂರೇ ಸಂಗತಿ. ಸ್ಟೆಪ್ನಿ ಇಲ್ಲದೆ ಮಾರುವ ಕಾರಿನಲ್ಲಿ ಸೆನ್ಸರ್ ಕಲಿಸುವ ಸೌಲಭ್ಯ ಡ್ಯಾಶ್‌ಬೋರ್ಡಿನಲ್ಲೇ ಇರಲಿ. ಅದರ ಕ್ರಮವನ್ನು ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಕನ್ನಡದಲ್ಲೂ ಅಚ್ಚು ಹಾಕಲಿ. ಯಂತ್ರ ಬೇಕೇ ಬೇಕು ಎನ್ನುವ ಕಂಪನಿ ಅದನ್ನು ಯಾವ ಗ್ಯಾರೇಜಿಗಾದರೂ ನ್ಯಾಯವಾದ ಬೆಲೆಗೆ ಮಾರಲಿ. ಇದರ ಜೊತೆಗೆ ಐಟಿಐಗಳ ವಾಹನ ವಿಭಾಗದಲ್ಲಿ ಸೆನ್ಸರ್ ಇರುವ ಟೈರನ್ನು ಮುರಿಯದಂತೆ ಬಿಚ್ಚುವುದನ್ನು ಕಲಿಸಿದರೆ ನಮ್ಮ ಹುಡುಗರಿಗೂ ಒಂದು ಕಸುಬು ಉಳಿಯುತ್ತದೆ.

ಮುರಿದ ಸೆನ್ಸರಿನ ದುಡ್ಡನ್ನು ಕೂಲಿಯಲ್ಲಿ ಹಿಡಿದುಕೊಳ್ಳಿ ಎಂದು ಅಂದು ಆ ಅಣ್ಣ ನೂರು ಸಲ ಹೇಳಿದ. ಹಿಡಿಯಲು ನಮಗೆ ಮನಸ್ಸು ಬರಲಿಲ್ಲ. ಗಾಡಿ ಮಾಲೀಕರು ಮಾರನೆಯ ದಿನ ಕಾರನ್ನು ಚಿತ್ರದುರ್ಗಕ್ಕೆ ಒಯ್ದು, ಹೊಸ ಸೆನ್ಸರ್ ಹಾಕಿಸಿ, ಕಲಿಸುವ ಕೂಲಿಯನ್ನೂ ಬೇರೆ ಕೊಟ್ಟು ಬಂದರು. ಅಲ್ಲಿ ಕಲಿಸಲು ಹಿಡಿದದ್ದು ಹತ್ತೇ ನಿಮಿಷವಂತೆ.