ಸೇವಾ ಅಂದ್ರ ಫುಕಟ್ ಚಾಕರಿ ಅಲ್ರಿ

ಏಪ್ರಿಲ್ ಬಂತಂದ್ರ ನಮ್ ಬೀದರ ಕಡಿ ಎರಡು ಸುರು ಆಗ್ತಾವ. ಒಂದು ಕೆಂಡದಂಥ ಬಿಸಲು, ಇನ್ನೊಂದು ವಿ.ಬಿ.ಎಸ್. ಗೊತ್ತಿಲ್ದವರಿಗಿ ಹೇಳ್ತೀನಿ, ವಿ.ಬಿ.ಎಸ್. ಅಂದ್ರ ಸೂಟಿ ದಿನದಾಗ ಚರ್ಚಿನವರು ಮಕ್ಕಳಿಗಿ ನಡಸೋ ಬೈಬಲ್ ಸಾಲಿ. ಹಾಡು, ಕಥಿ, ಆಟ, ಚಿತ್ರ ಬಿಡಸೋದು, ಮಧ್ಯಾನ ಊಟ, ಕಡೀ ದಿನ ಮಕ್ಕಳ ಪ್ರೋಗ್ರಾಮು. ಎಲ್ಲೋ ಐದು ದಿನ, ಎಲ್ಲೋ ಹತ್ತು ದಿನ, ಕೆಲವು ಕಡಿ ರಾತ್ರಿ ಅಲ್ಲೇ ಮಲಗೋ ಕ್ಯಾಂಪು. ಬೀದರ ಸಿಟಿ ಇರ್ಲಿ, ಭಾಲ್ಕಿ ಇರ್ಲಿ, ಔರಾದ ಕಡಿ ಹಳ್ಳಿ ಇರ್ಲಿ, ನಮ್ ಮಂದಿ ಮಕ್ಕಳು ವರ್ಷಾ ಇದರ ದಾರಿ ಕಾಯ್ತಾವ. ಕ್ರಿಸ್ತಾನರ ಮಕ್ಕಳಷ್ಟೇ ಅಲ್ಲ, ಓಣಿ ಮಕ್ಕಳೆಲ್ಲಾ ಬರ್ತಾವ. ಛಲೋ ಕೆಲ್ಸ. ಇದು ನಿಲ್ಬಾರ್ದು.

ಹಂಗಾದ್ರ ಜಗಳ ಯಾತರದು ಅಂತ ಕೇಳ್ತೀರಿ. ನನ್ನ ಜಗಳ ಒಂದೇ ಶಬ್ದದ ಮ್ಯಾಲ ಅದ. ಆ ಶಬ್ದ ‘ವಾಲಂಟಿಯರ್’.

ವಿ.ಬಿ.ಎಸ್. ಬ್ಯಾನರ್ ಒಂದ್ಸಲ ನಿಂತು ಓದ್ರಿ. ಮ್ಯಾಲ ಮುಖ್ಯ ಅತಿಥಿ, ಅವರ ಕೆಳಗ ಅಧ್ಯಕ್ಷರು, ನಿರ್ದೇಶಕರು, ಸಂಯೋಜಕರು, ಖಜಾಂಚಿ. ಎಲ್ಲಾರದೂ ಫೋಟೋ, ಕೊಳ್ಳಾಗ ಟೈ. ಎಲ್ಲಾ ಮುಗದ ಮ್ಯಾಲ ಕೆಳಗ, ಬಾಂಬು ಕಟ್ಟಿದ ಹಗ್ಗದ ಹಿಂದ, ಸಣ್ಣ ಅಕ್ಷರದಾಗ ಬರದಿರ್ತದ: ‘ಹಾಗೂ ವಾಲಂಟಿಯರ್‌ಗಳು’. ಆ ‘ಹಾಗೂ’ ಒಳಗ ಯಾರ್ಯಾರು ಕುಂತಾರ ಅಂತ ಹಿಸಾಬ ಮಾಡೋಣು ಬರ್ರಿ.

ನೂರಾ ಇಪ್ಪತ್ತು ಮಕ್ಕಳು ಬರ್ತಾವ ಅಂತ ಇಟ್ಕೊಳ್ರಿ. ಒಂದು ಹೊತ್ತಿಗಿ ಹನ್ನೆರಡು ಕಿಲೋ ಅಕ್ಕಿ, ನಾಕು ಕಿಲೋ ತೊಗರಿ ಬ್ಯಾಳಿ, ಐದಾರು ಕಿಲೋ ಉಳ್ಳಾಗಡ್ಡಿ-ಟಮಾಟಿ. ಅಕ್ಕಿ ಹಸನ ಮಾಡ್ಬೇಕು, ಉಳ್ಳಾಗಡ್ಡಿ ಹೆಚ್ಚಬೇಕು, ಡೇಗಿ ಇಳಸ್ಬೇಕು. ನೂರಾ ಇಪ್ಪತ್ತು ಗಂಗಾಳ, ನೂರಾ ಇಪ್ಪತ್ತು ಗ್ಲಾಸು ತಿಕ್ಕಬೇಕು. ತಲಿಗಿ ಎರಡು ಲೀಟರ್ ಕುಡಿಯೋ ನೀರು ಅಂದ್ರೂ 240 ಲೀಟರ್ ಆಯ್ತು, ಅಂದ್ರ ಇಪ್ಪತ್ತು ಲೀಟರಿನ ಹನ್ನೆರಡು ಕ್ಯಾನು. ಅವನ್ನ ಎತ್ತಿ ಮಣ್ಣಿನ ಗಡಿಗಿಗಿ ಸುರುವೋರು ಯಾರು? ಸಣ್ಣ ಪೋರಗೋಳ ಮೂಗು ಒರಸೋರು, ಪಾಯಖಾನಿಗಿ ಕರ್ಕೊಂಡು ಹೋಗೋರು, ಅಲ್ಲಿ ನೀರು ಹಾಕಿ ತೊಳಿಯೋರು ಯಾರು? ಸ್ಟೇಜ್ ಮ್ಯಾಲ ಹಾಡು ಕಲಸಿ, ಆ್ಯಕ್ಷನ್ ಮಾಡಿ ತೋರಿಸಿ, ಗಂಟಲು ಹರ್ಕೊಳ್ಳೋ ಟೀಚರು ಯಾರು? ಹತ್ತರಾಗ ಒಂಬತ್ತು ಹೆಣ್ಮಕ್ಕಳೇ. ಅಡಿಗಿಮನ್ಯಾಗ ಐವತ್ತು ದಾಟಿದವರು, ಕ್ಲಾಸಿನ್ಯಾಗ ಪಿಯುಸಿ ರಿಸಲ್ಟ್ ಕಾಯೋ ಹುಡುಗೇರು. ಇವರೆಲ್ಲಾ ಒಟ್ಟಿಗಿ ‘ಹಾಗೂ’.

ಈ ಮಾತು ತಗದ್ರ ಒಂದು ಉತ್ತರ ತಯಾರ ಇರ್ತದ: “ಅಮ್ಮಾ, ಇದು ಸೇವಾ. ಬಲಗೈ ಕೊಟ್ಟದ್ದು ಎಡಗೈಗಿ ತಿಳೀಬಾರ್ದು.” ಖರೇ, ಯೇಸುಸ್ವಾಮಿ ಹಂಗ ಕಲಸ್ಯಾನ. ಖರೆ ಅದು ಕೊಡೋವನು ತನ್ನ ಬಗ್ಗಿ ಪಾಲಸ್ಬೇಕಾದ ಮಾತು. ಇನ್ನೊಬ್ಬರ ದುಡಿಮಿ ತಗೊಂಡವರು ಅದನ್ನ ಮುಚ್ಚಿಡ್ಲಾಕ ಕೊಟ್ಟ ಲೈಸನ್ಸ್ ಅಲ್ಲ. ಮತ್ತ ರೊಕ್ಕ ಕೊಟ್ಟವರಿಗಿ ಈ ನಿಯಮ ಯಾಕಿಲ್ಲ? ಫ್ಯಾನ್ ಕೊಟ್ರ ಫ್ಯಾನಿನ ರೆಕ್ಕಿ ಮ್ಯಾಲ ದಾನಿಯ ಹೆಸರು ತಿರಗ್ತದ. ಹತ್ತು ದಿನ ಒಲಿ ಮುಂದ ಬೆಂದವಳ ಹೆಸರು ಮಾತ್ರ ಎಡಗೈಗಿ ತಿಳೀಬಾರ್ದಂತ.

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತಗದು ನೋಡ್ರಿ. ಯೆರೂಸಲೇಮಿನ ಸಭೆದಾಗ ದಿನಾ ಊಟ ಹಂಚೋವಾಗ ಗ್ರೀಕ್ ಮಾತಾಡೋ ವಿಧವೇರಿಗಿ ಸರಿಯಾಗಿ ಮುಟ್ತಿದ್ದಿಲ್ಲ, ಗೊಣಗಾಟ ಎದ್ದಿತು. ಅಪೊಸ್ತಲರು “ಸುಮ್ನಿರ್ರಿ, ಇದು ಸೇವಾ” ಅನ್ಲಿಲ್ಲ. ಏಳು ಮಂದಿನ್ನ ಆರಿಸ್ಲಾಕ ಹೇಳಿ, ಊಟದ ಜಿಮ್ಮೇದಾರಿ ಅವರ ಕೈಗಿ ಕೊಟ್ಟು, ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡಿದ್ರು. ಸ್ತೆಫನನಿಂದ ನಿಕೊಲಾಯನ ತನಕ ಏಳೂ ಮಂದಿ ಹೆಸರು ಗ್ರಂಥದಾಗ ಬರದಾವ. ಊಟ ಬಡಸೋರ ಹೆಸರು! ಏಳೂ ಮಂದಿ ಗಂಡಸರು ಅನ್ನೋದೂ ನೆನಪಿಟ್ಕೊಳ್ರಿ, ಮುಂದಿನ ವರ್ಷ ಅಡಿಗಿ ಪಾಳಿ ಹಚ್ಚೋವಾಗ ಕೆಲ್ಸಕ್ಕ ಬರ್ತದ.

ಹೆಸರಿನ ಮಾತು ಆಯ್ತು, ಈಗ ರೊಕ್ಕದ ಮಾತು. ಸ್ಟಾಫ್ ಬ್ಯಾರೆ, ವಾಲಂಟಿಯರ್ ಬ್ಯಾರೆ. ಪಾಳಕರಿಗಿ ಪಗಾರ ಅದ, ಹೊರಗಿಂದ ಬರೋ ಭಾಷಣಕಾರರಿಗಿ ಗಾಡಿ ಖರ್ಚು ಮತ್ತ ಕವರ್ ಅದ, ಮೈಕಿನವನಿಗಿ ಬಾಡಿಗಿ ಅದ, ಶಾಮಿಯಾನದವನಿಗಿ ಅಡ್ವಾನ್ಸ್ ಅದ. ಕೊಡ್ಲಿ, ಬ್ಯಾಡ ಅನ್ನಲ್ಲ. ಖರೆ ದಿನಗೂಲಿ ಬಿಟ್ಟು ಹತ್ತು ದಿನ ಭಾಂಡೆ ತಿಕ್ಲಾಕ ಬಂದ ಹೆಣ್ಮಗಳಿಗಿ ಮಾತ್ರ ‘ದೇವರು ಕೊಡ್ತಾನ’. ಅವಳ ಮನ್ಯಾಗ ಆ ಹತ್ತು ದಿನ ಒಲಿ ದೇವರು ಹಚ್ಚತಾನೇನು? ಮನಿ ಅನುಕೂಲ ಇದ್ದು, ತಾನೇ ಮನಸಿಟ್ಟು ಬಂದವಳು ವಾಲಂಟಿಯರ್. ಕೂಲಿ ಕಳ್ಕೊಂಡು, ಇಲ್ಲ ಅನ್ಲಾಕ ಅಂಜಿ ಬಂದವಳು ವಾಲಂಟಿಯರ್ ಅಲ್ಲ. ಅದಕ್ಕ ನಮ್ ಸೀಮಿದಾಗ ಹಳೀ ಹೆಸರದ, ಬಿಟ್ಟಿ ಚಾಕರಿ. ನಿಜಾಮನ ಕಾಲದಾಗ, 1948ರ ಮೊದಲ, ಗೌಡರ ವಾಡೇದಾಗ, ಅಧಿಕಾರಿಗಳ ಡೇರೆದಾಗ ನೀರು ಹೊತ್ತು, ಕಟಿಗಿ ಒಡದು ನಮ್ ಅಜ್ಜಿ-ಮುತ್ಯಾಗೋಳು ಬೆನ್ನು ಬಗ್ಗಸ್ಯಾರ. ಆ ಬಗ್ಗಿದ ಬೆನ್ನು ನೆಟ್ಟಗ ಆಗ್ಲಿ ಅಂತೇ ಭಾಳ ಮಂದಿ ಚರ್ಚಿನ ಬಾಗಿಲ ತುಳದ್ರು. ಅವರ ಮೊಮ್ಮಕ್ಕಳಿಗಿ ಚರ್ಚಿನ ಹಿತ್ತಲದಾಗೇ ಮತ್ತ ಫುಕಟ್ ಚಾಕರಿ ಅಂದ್ರ ಹ್ಯಾಂಗ?

ಕೂಲಿ ಕೊಟ್ರ ಸೇವಾದ ಪವಿತ್ರ ಕೆಡ್ತದ ಅನ್ನೋರಿಗಿ ಮೂರು ಮಾತು ಹೇಳ್ತೀನಿ.

ಒಂದು. ಸಂಡೇ ಸ್ಕೂಲ್ ಅನ್ನೋದು ದೊಡ್ಡದಾಗಿ ಬೆಳದದ್ದು ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ರಾಬರ್ಟ್ ರೈಕ್ಸ್ ಅನ್ನೋ ಪತ್ರಿಕಾದವರಿಂದ, 1780ರ ಸುಮಾರಿಗಿ. ಅವರು ಫ್ಯಾಕ್ಟರಿ ಮಕ್ಕಳಿಗಿ ಅಕ್ಷರ ಕಲಸ್ಲಾಕ ಓಣಿ ಹೆಣ್ಮಕ್ಕಳನ್ನ ಹಿಡದು, ಒಂದು ದಿನಕ್ಕ ಒಂದು ಶಿಲ್ಲಿಂಗ್ ಕೊಡ್ತಿದ್ರು. ಸಂಡೇ ಸ್ಕೂಲಿನ ಬುನಾದಿದಾಗೇ ಟೀಚರ್ ಪಗಾರ ಅದ.

ಎರಡು. ಅಮೇರಿಕಾದ ಮೆಥೋಡಿಸ್ಟ್ ಹೆಣ್ಮಕ್ಕಳು 1869ರಾಗ ತಮ್ಮದೇ ಮಿಷನರಿ ಸಂಘ ಕಟ್ಟಿ, ಇಸಾಬೆಲ್ಲಾ ಥೋಬರ್ನ್, ಡಾಕ್ಟರ್ ಕ್ಲಾರಾ ಸ್ವೈನ್ ಅಂಥವರನ್ನ ಹಿಂದೂಸ್ತಾನಕ್ಕ ಕಳಸಿದ್ರು. ಆ ಕಾಲದ ಮಿಷನ್ನಿನ್ಯಾಗ ಮನಿ ಮನಿಗಿ ಹೋಗಿ ಕಥಿ ಹೇಳೋ, ಓದು ಕಲಸೋ ನಮ್ ದೇಶದ ಹೆಣ್ಮಕ್ಕಳಿದ್ರು, ‘ಬೈಬಲ್ ವುಮನ್’ ಅಂತಿದ್ರು. ಅವರಿಗಿ ತಿಂಗಳ ಪಗಾರ ಇತ್ತು. ಸಣ್ಣದೇ ಇರ್ಲಿ, ಇತ್ತು. ನೂರು ವರ್ಷದ ಹಿಂದ ಇದ್ದದ್ದು ಈಗ ಪಾಪ ಹ್ಯಾಂಗ ಆಯ್ತು?

ಮೂರು. ದೂರ ಯಾಕ ಹೋಗ್ಬೇಕು, ನಮ್ ಬಸವಕಲ್ಯಾಣ ಅದಲ್ಲ. ಹನ್ನೆರಡನೇ ಶತಮಾನದಾಗ ಅಲ್ಲಿ ಶರಣರು ಕಾಯಕ ಅಂದ್ರು, ದಾಸೋಹ ಅಂದ್ರು. ಮೊದಲ ಕಾಯಕ, ಅದರ ದುಡಿಮಿಯಿಂದ ದಾಸೋಹ. ಆಯ್ದಕ್ಕಿ ಮಾರಯ್ಯ ಹೆಚ್ಚಿಗಿ ಅಕ್ಕಿ ತಂದಾಗ ಲಕ್ಕಮ್ಮ ವಾಪಸ್ ಸುರುವಿ ಬಾ ಅಂದ ಕಥಿ ನಮ್ ಕಡಿ ಎಲ್ಲಾರಿಗಿ ಗೊತ್ತು. ಹಕ್ಕಿಗಿಂತ ಹೆಚ್ಚು ಬ್ಯಾಡ ಅಂದಳು ಆಕಿ. ಹಕ್ಕಿಂದೂ ಬ್ಯಾಡ ಅನ್ಲಿಲ್ಲ.

ಬರೇ ಮರ್ಯಾದಿ ಮತ್ತ ರೊಕ್ಕದ ಮಾತಿದ್ರ ನಾನು ಇಷ್ಟು ಸಿಟ್ಟಿಲೆ ಬರೀತಿದ್ದಿಲ್ಲ. ಯಾರ ಕೆಲ್ಸ ಯಾರದು ಅಂತ ಬರೀಲಾರದ ಕಡಿ ಮಕ್ಕಳ ಜೀವಕ್ಕ ಅಪಾಯ ಅದ. ಔರಾದ ಕಡಿ ಒಂದು ಕ್ಯಾಂಪಿನ್ಯಾಗ, ಹೆಸರು ಬ್ಯಾಡ, ಏಳು ವರ್ಷದ ಪೋರ ಒಬ್ಬ ಮಧ್ಯಾನ ಊಟ ಆದ ಮ್ಯಾಲ ಅವ್ವನ ನೆನಪಾಗಿ ಸೀದಾ ಊರ ದಾರಿ ಹಿಡದ. ಬರಿಗಾಲು, ನೆತ್ತಿ ಮ್ಯಾಲ ಬಿಸಲು, ಲಾರಿ ಓಡಾಡೋ ರೋಡು. ಪಾನ್ ಡಬ್ಬಿಯವ ಒಬ್ಬ ನೋಡಿ ಕೈ ಹಿಡ್ಕೊಂಡು ವಾಪಸ್ ತಂದು ಬಿಟ್ಟ. ಪೋರ ಹೋಗಿದ್ದೂ ಯಾರಿಗಿ ಗೊತ್ತಿಲ್ಲ, ಬಂದದ್ದೂ ಗೊತ್ತಿಲ್ಲ. ಕೇಳಿದ್ರ ಟೀಚರ್ “ಗೇಟ್ ನೋಡೋದು ಹುಡುಗರ ಕೆಲ್ಸ” ಅಂದಳು, ಹುಡುಗರು “ನಮಗ ಸೌಂಡ್ ಬಾಕ್ಸ್ ನೋಡ್ಲಾಕ ಹೇಳ್ಯಾರ” ಅಂದ್ರು, ಸಂಯೋಜಕರು ಅತಿಥಿನ್ನ ಕರೀಲಾಕ ಬಸ್ ಸ್ಟ್ಯಾಂಡಿಗಿ ಹೋಗಿದ್ರು. ಹತ್ತು ಮಂದಿ ಕೂಡಿದಲ್ಲಿ ಹಾವು ಸಾಯಲ್ಲ ಅಂತಾರಲ್ಲ, ಹಂಗ. ಆ ಪಾನ್ ಡಬ್ಬಿಯವ ಇರ್ಲಿಲ್ಲಂದ್ರ? ಖರೇ ವಾಲಂಟಿಯರ್ ಅಂದ್ರ ಅವತ್ತು ಅವನೊಬ್ಬನೇ.

ಮತ್ತ ಆ ಟೀಚರ್ ವಯಸ್ಸೆಷ್ಟು? ಹದಿನಾರು. ಇಪ್ಪತ್ತೈದು ಮಕ್ಕಳನ್ನ ಅವಳೊಬ್ಬಳ ಕೈಗಿ ಕೊಟ್ಟಿದ್ರು. ಕಾನೂನಿನ ಪ್ರಕಾರ ಅವಳೇ ಮಗು. 2012ರ ಪೋಕ್ಸೋ ಕಾಯ್ದೆದಾಗ ಹದಿನೆಂಟು ತುಂಬಲಾರದವರೆಲ್ಲಾ ಮಕ್ಕಳೇ. ಮಗುವಿನ ಮ್ಯಾಲ ದೌರ್ಜನ್ಯ ಆಗ್ಯಾದ ಅಂತ ಗೊತ್ತಾದವರು ಪೊಲೀಸರಿಗಿ ತಿಳಸ್ಲೇಬೇಕು, ಚರ್ಚಿನ ಮರ್ಯಾದಿ ಅಂತ ಮುಚ್ಚಿಡ್ಲಾಕ ಬರಲ್ಲ ಅಂತಲೂ ಆ ಕಾಯ್ದೆದಾಗ ಅದ. ಮಕ್ಕಳ ಸಹಾಯಕ್ಕ 1098 ನಂಬರ್ ಅದ. ಇದನ್ನ ಎಷ್ಟು ಕ್ಯಾಂಪಿನ ಗ್ವಾಡಿ ಮ್ಯಾಲ ಬರದಾರ? ಹುಡುಗೇರಿಗಿ ಹಾಡು ಕಲಸೋ ಟ್ರೈನಿಂಗ್ ಕೊಡ್ತಾರ, ಈ ಮಾತು ಮಾತ್ರ ಯಾರೂ ಬಾಯಿ ಬಿಡಲ್ಲ.

ಇನ್ನೊಂದು ಕೆಲ್ಸ ಅದ, ಅದು ಕಣ್ಣಿಗೇ ಬೀಳಲ್ಲ. ಔರಾದ, ಭಾಲ್ಕಿ ಗಡಿ ಹಳ್ಳಿ ಮಕ್ಕಳು ಮನ್ಯಾಗ ಮರಾಠಿ ಮಾತಾಡ್ತಾವ. ತಾಂಡಾದ ಮಕ್ಕಳು ಲಂಬಾಣಿ. ಬೀದರ ಓಣಿದಾಗ ಉರ್ದು, ತೆಲುಗು ಎರಡೂ. ಪುಸ್ತಕ ಬರೋದು ಗ್ರಂಥದ ಕನ್ನಡದಾಗ, ಬೆಂಗಳೂರ ಕಡಿ ಮಾತಿನ್ಯಾಗ. ಕಥಿ ಹೇಳೋವಾಗ ಹಿಂದ ಕುಂತ ಯಾವುದೋ ಹುಡುಗಿ ಸಣ್ಣ ದನಿಲೆ ಅದನ್ನೇ ಮರಾಠಿದಾಗ ಹೇಳ್ತಿರ್ತಾಳ. ಅವಳಿಲ್ಲಂದ್ರ ಅರ್ಧ ಮಕ್ಕಳಿಗಿ ದಾವೀದನೂ ತಿಳಿಯಲ್ಲ, ಗೊಲ್ಯಾತನೂ ತಿಳಿಯಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಾಗ ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಸಿದ್ರು ಅಂತ ನಾವು ಹೆಮ್ಮಿಲೆ ಹೇಳ್ಕೊಳ್ತೀವಿ. ಮಕ್ಕಳಿಗಿ ತಿಳಿಯೋ ಮಾತಿನ ಬೆಲಿ ಗೊತ್ತಿದ್ದ ನೆಲ ಇದು. ಆ ಹುಡುಗಿಗಿ ಸ್ಟೇಜ್ ಮ್ಯಾಲ ಕರದು ‘ಭಾಷಾಂತರ ಟೀಚರ್’ ಅಂತ ಒಂದು ಬ್ಯಾಡ್ಜ್ ಹಚ್ಲಾಕ ಎಷ್ಟು ಖರ್ಚು?

“ನಮ್ ಸಭೆ ಸಣ್ಣದು, ಇಷ್ಟೆಲ್ಲಾ ನಮ್ ಕೈಲೆ ಆಗಲ್ಲ” ಅಂತಾರ. ಬೀದರದಾಗೇ ನಾನಕ್ ಝೀರಾ ಗುರುದ್ವಾರಕ್ಕ ಒಂದ್ಸಲ ಹೋಗಿ ಲಂಗರದಾಗ ಕುಂತು ಬರ್ರಿ. ಅಲ್ಲೂ ಸೇವಾನೇ. ಖರೆ ಅಲ್ಲಿ ಪಗಡಿ ಸುತ್ತಿದ ಗಂಡಸರು ರೊಟ್ಟಿ ಬಡಸ್ತಾರ, ಗಂಗಾಳ ತಿಕ್ತಾರ, ಚಪ್ಪಲಿ ಕಾಯ್ತಾರ. ಅದಕ್ಕ ಸೇವಾ ಅಂದ್ರ ಒಪ್ತೀನಿ. ಯೇಸುಸ್ವಾಮಿನೂ ಸೊಂಟಕ್ಕ ಟಾವೆಲ್ ಕಟ್ಕೊಂಡು ಶಿಷ್ಯರ ಕಾಲು ತೊಳದಾನ. ಗುರು ಟಾವೆಲ್ ಕಟ್ಟಿದ ಮ್ಯಾಲ ನಮ್ ಕಮಿಟಿಯವರ ಟೈ ಒಂದು ತಾಸು ಬಿಚ್ಚಿದ್ರ ಏನೂ ಆಗಲ್ಲ.

ನಾನು ಕೇಳೋದು ಒಂದು ಡ್ರಾಯಿಂಗ್ ಶೀಟು, ಒಂದು ಸ್ಕೆಚ್ ಪೆನ್ನು. ಕ್ಯಾಂಪ್ ಸುರು ಆಗೋ ವಾರ ಮೊದಲ ಚರ್ಚಿನ ಬಾಗಿಲಿಗಿ ಹಚ್ರಿ. ಗೇಟ್ ಯಾರು, ಯಾವ ತಾಸಿನಿಂದ ಯಾವ ತಾಸಿನ ತನಕ. ಮುಂಜಾನಿ, ಊಟ ಆದ ಮ್ಯಾಲ, ಸಂಜಿ, ಮೂರು ಸಲ ಮಕ್ಕಳ ತಲಿ ಎಣಸೋರು ಯಾರು. ಪ್ರತಿ ಕ್ಲಾಸಿಗಿ ಇಬ್ಬರು ದೊಡ್ಡವರು ಯಾರು, ಒಬ್ಬರ ಕೈಗಿ ಮಕ್ಕಳನ್ನ ಬಿಡೋ ಹಂಗಿಲ್ಲ. ಮಗುನ್ನ ಮನಿಗಿ ಕಳಸೋವಾಗ ಗುರ್ತಿನವರ ಸಹಿ ಯಾರು ತಗೊಳ್ತಾರ. ಔಷಧ ಡಬ್ಬಿ ಚಾವಿ ಯಾರ ಹತ್ರ. ಬಿಸಲು ಹತ್ತಿದ ಮಗುವಿಗಿ ಓ.ಆರ್.ಎಸ್. ಪಾಕೀಟ್ ಸಿಗಲಿಲ್ಲಂದ್ರ ಕಾಸಿ ಆರಿಸಿದ ಒಂದು ಲೀಟರ್ ನೀರಿಗಿ ಆರು ಚಾ ಚಮಚ ಸಕ್ರಿ, ಅರ್ಧ ಚಮಚ ಉಪ್ಪು, ಚಮಚ ಮಟ್ಟಸ ಇರ್ಬೇಕು, ಅಂತಲೂ ಅಲ್ಲೇ ಬರೀರಿ. ಯಾರಿಗಿ ಪಗಾರ, ಯಾರಿಗಿ ಗಾಡಿ ಖರ್ಚು, ಯಾರು ಮನಸ್ಸಿಲೆ ಫುಕಟ್, ಅದೂ ಇರ್ಲಿ. ಅಡಿಗಿಯವರಿಗಿ, ಪಾಯಖಾನಿ ತೊಳಿಯೋರಿಗಿ ಊರಾಗ ನಡಿಯೋ ಕೂಲಿ ಕೊಡ್ರಿ. ರೊಕ್ಕ ಕಮ್ಮಿ ಬಿದ್ರ ಬ್ಯಾನರ್ ಸಣ್ಣದು ಮಾಡ್ರಿ, ಶಾಲು-ಹಾರ ಬಿಡ್ರಿ, ಒಬ್ಬ ಅತಿಥಿನ್ನ ಕಮ್ಮಿ ಕರೀರಿ.

ಅಕ್ಕಗೋಳೇ, ನಿಮಗೂ ಒಂದು ಮಾತು. ಮುಂದಿನ ಸಲ ಪಾಳಕರು “ಅಮ್ಮಾ, ವಿ.ಬಿ.ಎಸ್.ಗಿ ಬರ್ತೀರಲ್ಲ” ಅಂದ್ರ ಖುಷಿಲೆ ಹೂಂ ಅನ್ರಿ. ಅಂದು, ಅಲ್ಲೇ ನಿಂತು ಕೇಳ್ರಿ: “ನನ್ನ ಕೆಲ್ಸ ಯಾವುದು? ಎಷ್ಟೊತ್ತು? ನನ್ನ ಜೋಡಿ ಇನ್ನೊಬ್ಬರು ಯಾರು?” ಮೂರೂ ಉತ್ತರ ಸಿಗೋ ತನಕ ಸೆರಗು ಸೊಂಟಕ್ಕ ಸಿಗಿಸ್ಬ್ಯಾಡ್ರಿ.